ಅತ್ತೆ ವತ್ರುಷ್ಕಾ ಮುಚ್ಚಿದ ಶುಕ್ರವಾರ

ಆ ಶುಕ್ರವಾರ ಸಂಜೆ ನಮ್ಮ ಅಡುಗೆಮನೆಯಲ್ಲಿದ್ದವರು ಮೂರೇ ಜನ. ಒಲೆಯ ಪಕ್ಕದ ಸ್ಟೂಲಿನ ಮೇಲೆ ನಮ್ಮ ಅತ್ತೆ. ಕಿಟಕಿಯ ಹತ್ತಿರ, ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದ ಮಗ್ಗುಲು ಮನೆಯ ರಷ್ಯನ್ ಅಜ್ಜಿ. ಮತ್ತೆ ನಾನು, ಆಫೀಸಿನ ಬ್ಯಾಡ್ಜನ್ನು ಕೊರಳಿನಿಂದ ತೆಗೆಯುವಷ್ಟೂ ವ್ಯವಧಾನವಿಲ್ಲದೆ ಮೈದಾ ಹಿಟ್ಟಿಗೆ ಕೈ ಹಾಕಿದ್ದವಳು. ಬ್ಯಾಡ್ಜು ಆಗಾಗ ಜಾರಿ ಹಿಟ್ಟಿನೊಳಕ್ಕೇ ಬೀಳುತ್ತಿತ್ತು. ಅತ್ತೆ ಎದ್ದು ಬಂದು ಅದನ್ನು ನನ್ನ ಬೆನ್ನ ಮೇಲಕ್ಕೆ ತಿರುಗಿಸಿ ಹಾಕಿ ಮತ್ತೆ ಹೋಗಿ ಕೂತರು.

ಎರಡು ಸಾವಿರದ ಐದನೇ ಇಸವಿಯ ಮಾತು. ಸ್ಯಾನ್ ಡಿಯಾಗೋದ ಅಂಚಿನ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮದೊಂದು ಬಾಡಿಗೆ ಮನೆ. ನನಗೆ ಕೆಲಸ ಪಕ್ಕದೂರು ಪೊವೇಯಲ್ಲಿ. ನನ್ನ ಗಂಡನಿಗೆ ಸ್ಯಾನ್ ಡಿಯಾಗೋದಲ್ಲಿದ್ದ ಕೆಲಸ ಹೋಗಿ, ಎಂಟು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ಸಿಕ್ಕಿದ್ದು ಲಾಸ್ ಏಂಜಲೀಸಿನಲ್ಲಿ. ಅಲ್ಲೊಂದು ರೂಮು ಹಿಡಿದಿದ್ದರು. ಶನಿವಾರವೂ ಅರ್ಧ ದಿನ ಕೆಲಸ, ಹಾಗಾಗಿ ಅವರು ಇಲ್ಲಿಗೆ ಬರುವುದರ ಬದಲು ನಾನೇ ವಾರವಾರ ಅತ್ತೆಯನ್ನು ಕೂರಿಸಿಕೊಂಡು, ಒಂದು ವಾರಕ್ಕಾಗುವ ರೊಟ್ಟಿ, ಪಲ್ಯ, ಚಟ್ನಿಪುಡಿ ಕಟ್ಟಿಕೊಂಡು ಅಲ್ಲಿಗೆ ಡ್ರೈವ್ ಮಾಡುತ್ತಿದ್ದೆ. ಭಾನುವಾರ ಸಂಜೆ ವಾಪಸ್ಸು. ಸೋಮವಾರ ಮತ್ತೆ ಪೊವೇ. ಹೀಗೆ ಓಡಾಡಿದ ಮೂರು ವರ್ಷಗಳಲ್ಲಿ ನಾನು ಏನು ಓದಿದೆ, ಏನು ನೋಡಿದೆ, ಯಾರ ಮನೆಯ ನಾಮಕರಣಕ್ಕೆ ಹೋದೆ ಎಂದು ಕೇಳಿದರೆ ತಲೆಯಲ್ಲಿ ಏನೂ ಇಲ್ಲ. ದಣಿವು ಮಾತ್ರ ಚೆನ್ನಾಗಿ ನೆನಪಿದೆ. ನಮ್ಮ ದೊಡ್ಡಮ್ಮ ಇದ್ದಿದ್ದರೆ, "ಈ ಹುಡುಗಿಯ ಮೂಳೆಯೊಳಗೆ ನಿದ್ದೆ ಕೂತಿದೆ" ಎನ್ನುತ್ತಿದ್ದರು. ಮಾತನ್ನೆಲ್ಲ ನಾನು ಕಲಿತದ್ದು ಅಂಥವರಿಂದ. ಈಗಲೂ ನನ್ನ ಆಯಾಸವನ್ನು ನನಗೇ ಹೇಳಿಕೊಳ್ಳಬೇಕಾದರೆ ಅವರ ಮಾತೇ ಬೇಕು.

ರಷ್ಯನ್ ಅಜ್ಜಿಗೆ ಎಪ್ಪತ್ತನಾಲ್ಕು. ಮಗಳು ಅಳಿಯನ ಜೊತೆ ಇದ್ದರು. ಬೆಳಿಗ್ಗೆ ಅವರಿಬ್ಬರೂ ಕೆಲಸಕ್ಕೆ ಹೊರಟರೆ ಆ ಮನೆಯಲ್ಲಿ ಅಜ್ಜಿ ಒಬ್ಬರೇ, ಈ ಮನೆಯಲ್ಲಿ ನಮ್ಮ ಅತ್ತೆ ಒಬ್ಬರೇ. ಅತ್ತೆಗೆ ಬರುವುದು ಗದಗಿನ ಕಡೆಯ ಕನ್ನಡ. ಅಜ್ಜಿಗೆ ರಷ್ಯನ್, ಜೊತೆಗೆ ಒಂದಿಷ್ಟು ಹರಕು ಇಂಗ್ಲಿಷ್. ಆದರೂ ಹಿತ್ತಿಲ ಬೇಲಿಯ ಎರಡೂ ಕಡೆ ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಜ್ಜಿಯನ್ನು ಅತ್ತೆ ಮರ್ಯಾದೆಯಿಂದ 'ಬಾಯಾರ' ಎಂದೇ ಕರೆಯುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ, "ಬಾಯಾರ ಊರಾಗ ಭಾಳ ಥಂಡಿ ಅಂತ, ಸೊಸಿ ಇಲ್ಲ, ಮಗಳು ಛಲೋ, ಅಳಿಯಾ ಅಷ್ಟಕ್ಕಷ್ಟ" ಎಂದು ವರದಿ ಒಪ್ಪಿಸುತ್ತಿದ್ದರು. ಆಮೇಲೆ ವಿಚಾರಿಸಿದರೆ ಅಷ್ಟೂ ನಿಜವಾಗಿರುತ್ತಿತ್ತು.

ಅಳಿಯನಿಗೆ ಡಲ್ಲಾಸಿನಲ್ಲಿ ಹೊಸ ಕೆಲಸ ಸಿಕ್ಕಿ, ಅವರು ಮನೆ ಮಾರಲು ಹೊರಟದ್ದೇ ಎಲ್ಲಕ್ಕೂ ಮೂಲ. ಅಜ್ಜಿಗೆ ಡಲ್ಲಾಸ್ ಬೇಡ. ಲಾಸ್ ಏಂಜಲೀಸಿನಲ್ಲಿ ಅವರ ಅಕ್ಕ ಇದ್ದಳು, ಎಂಬತ್ತೊಂದು ವರ್ಷದವಳು, ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ. ಅಲ್ಲಿ ಬೀದಿಗಿಳಿದರೆ ಬೇಕರಿಯವನು, ಔಷಧಿ ಅಂಗಡಿಯವಳು, ಪಾರ್ಕಿನಲ್ಲಿ ಚದುರಂಗ ಆಡುವ ಮುದುಕರು, ಎಲ್ಲರದೂ ರಷ್ಯನ್ ಮಾತೇ. "ಅಲ್ಲಿ ನಾನು ಮಾತಾಡಿದರೆ ಜನ ಉತ್ತರ ಕೊಡುತ್ತಾರೆ. ಡಲ್ಲಾಸಿನಲ್ಲಿ ಗೋಡೆ" ಎಂದರು ಒಂದು ದಿನ. ಅಕ್ಕನೂ ಬಾ ಎಂದಿದ್ದಳು, ಆದರೆ ಒಂದು ಷರತ್ತು ಹಾಕಿ. ನನ್ನ ಕೈಯಲ್ಲಿ ಈಗ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ನೀನು ಅಡುಗೆ ಮಾಡುವ ಹಾಗಿದ್ದರೆ ಬಾ, ಇಲ್ಲದಿದ್ದರೆ ಮಗಳ ಜೊತೆ ಹೋಗು. ಬರುವಾಗ ಅಮ್ಮನ ಹಾಗೆ ವತ್ರುಷ್ಕಾ ಮಾಡಿಕೊಂಡು ಬಾ, ನೋಡಿ ಹೇಳುತ್ತೇನೆ ಎಂದಿದ್ದಳು.

ಅಕ್ಕನಿಗೆ ಗೊತ್ತಿರದ ಸಂಗತಿಯೆಂದರೆ, ಹಿಂದಿನ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿತ್ತು, ಬಲ ಬಂದಿರಲಿಲ್ಲ. ಚಮಚ ಹಿಡಿಯುತ್ತಿತ್ತು, ಹಿಟ್ಟು ನಾದುತ್ತಿರಲಿಲ್ಲ.

"ನಿನ್ನ ಕೈ ಕೊಡು" ಎಂದು ನನ್ನನ್ನು ಕೇಳಿದರು. "ಹೇಗೂ ಶನಿವಾರ ಹೋಗುತ್ತೀಯ. ನನ್ನನ್ನೂ ಕರೆದುಕೊಂಡು ಹೋಗು. ನಾನು ಮಾಡಿದೆ ಅಂತ ಹೇಳುತ್ತೇನೆ. ಸಣ್ಣ ಸುಳ್ಳು."

"ಆಮೇಲೆ ಗೊತ್ತಾದರೆ ಆಂಟಿ?"

"ಆಮೇಲೆ ನಾನು ಅಲ್ಲಿರುತ್ತೇನೆ. ಮುದುಕಿಯನ್ನು ಯಾರೂ ವಾಪಸ್ ಕಳಿಸುವುದಿಲ್ಲ."

ಬೇಡ ಎನ್ನಲೂ ಶಕ್ತಿ ಬೇಕಲ್ಲ. ಹೂಂ ಅಂದುಬಿಟ್ಟೆ.

ವತ್ರುಷ್ಕಾ ಎಂದರೆ ಅಂಗೈಯಗಲದ ಒಂದು ಬನ್ನು. ಮೈದಾ, ಹಾಲು, ಬೆಣ್ಣೆ, ಸಕ್ಕರೆ, ಈಸ್ಟ್ ಹಾಕಿ ಹಿಟ್ಟು ನಾದಿ ಉಬ್ಬಲು ಬಿಡಬೇಕು. ಉಂಡೆ ಕಟ್ಟಿ, ನಡುವೆ ಲೋಟದ ತಳದಿಂದ ಒತ್ತಿ ಗುಳಿ ಮಾಡಬೇಕು. ಆ ಗುಳಿಯಲ್ಲಿ ನೀರು ಬಸಿದ ಗಟ್ಟಿ ಮೊಸರಿನ ಹೂರಣ. ಮೇಲೆ ಮುಚ್ಚುವ ಹಾಗಿಲ್ಲ. ಬಿಳಿ ಹೂರಣ ಕಾಣುವಂತೆ ಬಾಯಿ ತೆರೆದೇ ಓವನ್ ಒಳಗೆ ಹೋಗಬೇಕು. ಅವರ ಲೆಕ್ಕದಲ್ಲಿ ಹಿಟ್ಟಿಗೂ ಮೊಟ್ಟೆ, ಹೂರಣಕ್ಕೂ ಮೊಟ್ಟೆ, ಮೇಲೆ ಸವರಲೂ ಮೊಟ್ಟೆ. ನಮ್ಮದು ಲಿಂಗಾಯತರ ಅಡುಗೆಮನೆ. ಅತ್ತೆಯ ಮುಖ ನೋಡಿ ಅಜ್ಜಿಯೇ ಸೋತರು. ಹಿಟ್ಟಿಗೆ ಮೊಟ್ಟೆ ಬೇಡ, ಮೇಲೆ ಸವರಲು ಹಾಲು ಸಾಕು ಎಂದರು. ಹೂರಣ ಹರಿಯದ ಹಾಗೆ ಹಿಡಿದುಕೊಳ್ಳಲು ಮೊಟ್ಟೆಯ ಬದಲು ರವೆ ಹಾಕಬಹುದು, ಯುದ್ಧದ ಕಾಲದಲ್ಲಿ ಅಮ್ಮ ಹಾಗೇ ಮಾಡುತ್ತಿದ್ದಳು ಎಂದರು. ರವೆ ಎಂದು ತಿಳಿದದ್ದೇ ತಡ, ಅತ್ತೆ ಸ್ಟೂಲಿನಿಂದ ಇಳಿದು ಡಬ್ಬಿ ತಂದು ಅವರ ಮುಂದೆ ಕುಕ್ಕಿದರು. "ಬಾಂಬೆ ರವಾ! ನೋಡ್ರಿ ಬಾಯಾರ, ಇದ ಹೌದಿಲ್ಲೋ?" ಮೊಸರಿನ ಕೆಲಸವನ್ನೂ ಅತ್ತೆಯೇ ವಹಿಸಿಕೊಂಡರು. ಶ್ರೀಖಂಡಕ್ಕೆ ಚಕ್ಕ ಕಟ್ಟುವ ಹಾಗೆ ಹಳೇ ಮಲ್ ಪಂಚೆಯಲ್ಲಿ ಮೊಸರು ಕಟ್ಟಿ ನಲ್ಲಿಗೆ ನೇತು ಹಾಕಿದರೆ ಮಾರನೆಯ ಸಂಜೆಗೆ ಬೆಣ್ಣೆಯಂಥ ಮುದ್ದೆ. ಅಜ್ಜಿ ಬೆರಳಲ್ಲಿ ತೆಗೆದು ನೆಕ್ಕಿ ಕಣ್ಣು ಮುಚ್ಚಿದರು.

ಮೂರು ಶುಕ್ರವಾರ ಅಭ್ಯಾಸ ಮಾಡಿದೆವು. ನಾದುವುದು ನಾನು, ಮೊಸರು ಅತ್ತೆಯದು. ಸ್ಟೀಲ್ ಲೋಟದ ತಳವನ್ನು ಹಿಟ್ಟಿಗೆ ಅದ್ದಿ ಗುಳಿ ಒತ್ತುವುದು ಮಾತ್ರ ಅಜ್ಜಿಯೇ, ಎಡಗೈಯಲ್ಲಿ. ಮೊದಲ ವಾರದವು ಕಲ್ಲು. ಎರಡನೇ ವಾರದವನ್ನು ನಾನು ಆಫೀಸಿಗೆ ಒಯ್ದೆ, ಯಾರೂ ದೂರಲಿಲ್ಲ. ಮೂರನೇ ವಾರದವನ್ನು ತಿಂದು ಅಜ್ಜಿ ತಲೆ ಆಡಿಸಿದರು. ನಾಲ್ಕನೆಯ ಶುಕ್ರವಾರವೇ ನಾನು ಹೇಳಲು ಹೊರಟದ್ದು. ಮಾರನೆಯ ದಿನ ಅಕ್ಕನ ಮನೆ.

ಆ ವಾರ ಪೊವೇಯಲ್ಲಿ ಏನೋ ಇನ್‌ಸ್ಪೆಕ್ಷನ್ ಇತ್ತು. ದಿನಾ ಬೆಳಿಗ್ಗೆ ಆರು ಗಂಟೆಗೇ ಹೋಗಿದ್ದೆ. ಹಿಟ್ಟು ನಾದಿ, ಬಟ್ಟೆ ಮುಚ್ಚಿ, ಓವನ್ ಪಕ್ಕದಲ್ಲಿಟ್ಟೆ. "ಎರಡು ಗಂಟೆ ಉಬ್ಬಲಿ. ಮಗಳ ಜೊತೆ ಊಟ ಮಾಡಿ ಬರುತ್ತೇನೆ" ಎಂದು ಅಜ್ಜಿ ಹೋದರು. ನಾನು ಸೋಫಾದ ಮೇಲೆ ಐದು ನಿಮಿಷ ಕೂತೆ.

ಎಚ್ಚರವಾದದ್ದು ವಾಸನೆಗೆ. ಒಳ್ಳೆಯ ವಾಸನೆಯೇ, ಬೆಣ್ಣೆ, ಸಕ್ಕರೆ, ಯಾಲಕ್ಕಿ. ಯಾಲಕ್ಕಿ ಎಲ್ಲಿಂದ ಬಂತು ಎಂದುಕೊಂಡು ಎದ್ದು ಅಡುಗೆಮನೆಗೆ ಹೋದರೆ, ಟೇಬಲ್ಲಿನ ಮೇಲೆ ಸಾಲಾಗಿ ಇಪ್ಪತ್ತನಾಲ್ಕು ಉಂಡೆಗಳು. ದುಂಡಗೆ, ಕೆಂಪಗೆ, ಒಂದಕ್ಕೂ ಬಾಯಿಯಿಲ್ಲ. ಕಣಕದೊಳಗೆ ಹೂರಣ ತುಂಬಿ ಹೋಳಿಗೆಗೆ ಮುಚ್ಚುವ ಹಾಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮುಚ್ಚಿ ಬೇಯಿಸಿಯೂ ಆಗಿತ್ತು.

"ಅತ್ತೆ! ಇದ್ಯಾಕೆ ಮುಚ್ಚಿಬಿಟ್ರಿ?"

"ಮತ್ತೇನ ಮಾಡಲಿ? ಪಾಪ, ಬಾಯಾರ ಕೈ ಮುರದೈತಿ. ಬಾಯಿ ಕೂಡಸಾಕ ಆಗಂಗಿಲ್ಲ ಅಕಿಗೆ. ಅದಕ್ಕ ಮೂರು ವಾರದಿಂದ ಹಂಗ ಅರ್ಧಕ್ಕ ಬಿಡಾಕತ್ತಾಳ. ಹೇಳಿದ್ರ ನೊಂದಕೋತಾಳಂತ ನಾ ಸುಮ್ಮನಿದ್ದೆ. ನಾಳೆ ಅಕ್ಕನ ಮನಿಗೆ ಒಯ್ಯೂವು, ಅರ್ಧಮರ್ಧ ಆದ್ರ ಚಂದ ಕಾಣತೈತೇನು? ನಾ ಮುಚ್ಚಿ ಕೊಟ್ಟೆ."

"ನನ್ನನ್ನ ಎಬ್ಬಿಸಬಾರದಿತ್ತಾ?"

"ಮುಖಾ ನೋಡಿ ಎಬ್ಬಸಾಕ ಮನಸಾಗಲಿಲ್ಲವಾ. ಹೆಣಾ ಬಿದ್ದಂಗ ಬಿದ್ದಿದ್ದಿ."

ಐವತ್ತು ವರ್ಷ ಹೂರಣವನ್ನು ಮುಚ್ಚಿಯೇ ಗೊತ್ತಿದ್ದ ಕೈ. ತೆರೆದಿಟ್ಟ ಹೂರಣ ಆ ಕೈಗೆ ಮುಗಿಯದ ಕೆಲಸದ ಹಾಗೆ ಕಂಡಿತ್ತು.

ಅಜ್ಜಿ ಹೇಳಿದ್ದಕ್ಕಿಂತ ತಡವಾಗಿ ಬಂದರು. ಒಂದನ್ನು ಎತ್ತಿಕೊಂಡು ತಿರುಗಿಸಿದರು, ತಲೆಕೆಳಗು ಮಾಡಿ ನೋಡಿದರು. "ಇದರ ಬಾಯಿ ಎಲ್ಲಿ?" ಎಂದರು. ನಾನು ಅತ್ತೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಜ್ಜಿ ಕುರ್ಚಿಯ ಮೇಲೆ ಕೂತರು, ನಕ್ಕರು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಅತ್ತೆಗೆ ಹೊಗಳಿಕೆಯೆಂದೇ ಅನ್ನಿಸಿ ಅವರೂ ನಕ್ಕರು.

ಮತ್ತೆ ಮಾಡೋಣವೆಂದರೆ ಮೊಸರಿಲ್ಲ. ಕಟ್ಟಿದರೆ ಒಂದು ದಿನ ಬೇಕು. ಅಂಗಡಿಯ ಚೀಸು ತಂದರೆ ಅಕ್ಕ ಮೂಸಿಯೇ ಕಂಡುಹಿಡಿಯುತ್ತಾಳಂತೆ. "ಆಂಟಿ, ಕೈ ಮುರಿದದ್ದನ್ನೇ ಹೇಳಿಬಿಡಿ" ಎಂದೆ. "ಹೇಳಲು ಒಂದು ವರ್ಷ ಇತ್ತು. ಹೇಳಲಿಲ್ಲ. ಈಗ ಯಾವ ಮುಖದಲ್ಲಿ?" ಎಂದು ಡ್ರಾಯರಿನಿಂದ ಕತ್ತರಿ ತೆಗೆದರು. ಎಡಗೈಯಲ್ಲಿ ಕಷ್ಟಪಟ್ಟು ಒಂದೊಂದೇ ಉಂಡೆಯ ನೆತ್ತಿಯನ್ನು ಕತ್ತರಿಸಿ, ಅಂಚನ್ನು ಹೊರಕ್ಕೆ ಮಡಚಿ, ಹೂರಣ ಕಾಣುವಂತೆ ಮಾಡಿದರು. ದೂರದಿಂದ ನೋಡಿದರೆ ವತ್ರುಷ್ಕಾ ಅನ್ನಬಹುದಿತ್ತು. ಅತ್ತೆ ಮಾತ್ರ ಕಣ್ಣು ಬಿಟ್ಟುಕೊಂಡು, "ಅಯ್ಯ, ಕೂಡಿದ್ದನ್ನ ಯಾಕ ಕತ್ತರಸ್ತಾಳ ಇಕಿ?" ಎಂದರು. "ಅವರಲ್ಲಿ ಹಾಗಂತೆ ಅತ್ತೆ" ಎಂದಷ್ಟೇ ಹೇಳಿ ಮಲಗಲು ಹೋದೆ. ಅಕ್ಕನ ಷರತ್ತು, ಅಜ್ಜಿಯ ಸುಳ್ಳು, ಯಾವುದನ್ನೂ ನಾನು ಅತ್ತೆಗೆ ಬಿಡಿಸಿ ಹೇಳಿರಲಿಲ್ಲ. ಹೇಳಲು ಹೋದರೆ ಹತ್ತು ಪ್ರಶ್ನೆ ಬರುತ್ತವೆ, ಹತ್ತಕ್ಕೂ ಉತ್ತರ ಕೊಡಬೇಕು. ನಾಳೆ ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ದಾರಿಯಲ್ಲೂ ಹೇಳಲಿಲ್ಲ. ಸಮುದ್ರದ ಪಕ್ಕದ ರಸ್ತೆ, ಮಂಜು ಇತ್ತು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಆಕಳಿಕೆ ನುಂಗುತ್ತಿದ್ದೆ. ಅಜ್ಜಿ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ತಟ್ಟೆ. ಹಿಂದೆ ಅತ್ತೆ, ರೊಟ್ಟಿಯ ಗಂಟಿನ ಪಕ್ಕ. ಸ್ಯಾನ್ ಓನೋಫ್ರೆಯ ಅಣುಸ್ಥಾವರದ ಗುಮ್ಮಟಗಳು ಕಂಡಾಗ ಅತ್ತೆ ವಾರವಾರ ಹೇಳುವ ಮಾತನ್ನೇ ಹೇಳಿದರು:

"ಬಂತು ನೋಡ ಗೋಲಗುಮ್ಮಟ. ಒಂದಲ್ಲ, ಎರಡ."

"ಅದು ಕರೆಂಟ್ ಮಾಡೋ ಜಾಗ ಅತ್ತೆ."

"ಇರಲಿ ಬಿಡು. ಕಟ್ಟಿದಾಂವ ವಿಜಾಪುರ ನೋಡಿದಾಂವನ ಇರಬೇಕು."

ಅಕ್ಕನ ಮನೆ ಎರಡನೇ ಮಹಡಿಯಲ್ಲಿ. ಬೀದಿಯಲ್ಲಿ ಅಜ್ಜಿ ಹೇಳಿದ ಹಾಗೆಯೇ ಎಲ್ಲೆಲ್ಲೂ ರಷ್ಯನ್ ಮಾತು. ಕಾರಿನಿಂದ ಇಳಿದ ಅಜ್ಜಿ ಬಾಗಿಲಲ್ಲಿ ನಿಂತಿದ್ದ ಗುರುತು ಪರಿಚಯವಿಲ್ಲದ ಒಬ್ಬ ಮುದುಕನ ಹತ್ತಿರ ಏನೋ ಕೇಳಿದರು. ಅವನು ಏನೋ ಉತ್ತರ ಕೊಟ್ಟ. ಅಷ್ಟಕ್ಕೇ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ.

ಅಕ್ಕ ಎತ್ತರದ ಹೆಂಗಸು. ಕೋಲು ಊರಿಕೊಂಡು ಬಂದು ಬಾಗಿಲು ತೆರೆದು, ತಂಗಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ನಮಗೆ ಕುರ್ಚಿ ತೋರಿಸಿದಳು. ಬಹಳ ಹಿಂದೆಯೇ ಬಂದವಳಾದ್ದರಿಂದ ಇಂಗ್ಲಿಷ್ ಚೆನ್ನಾಗಿತ್ತು. ಟೀ ಬಂತು. ಅರ್ಧ ಗಂಟೆ ಅಕ್ಕತಂಗಿಯರು ಅವರ ಭಾಷೆಯಲ್ಲಿ ಮಾತಾಡಿದರು. ನಾನು ಟೀ ಕುಡಿಯುತ್ತ ನಿದ್ದೆ ತಡೆದೆ. ಅತ್ತೆ ಸೆರಗು ಹೊದ್ದು, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ, ಯಾರಾದರೂ ನಕ್ಕರೆ ತಾವೂ ನಕ್ಕು ಕೂತಿದ್ದರು.

ಆಮೇಲೆ ಅಕ್ಕ ತಟ್ಟೆಯಿಂದ ಒಂದು ವತ್ರುಷ್ಕಾ ಎತ್ತಿಕೊಂಡಳು. ಅಂಚನ್ನು ಬೆರಳಿಂದ ಸವರಿದಳು. ಕತ್ತರಿ ಆಡಿದ ಕಡೆ ಬಿಳಿಯಾಗಿತ್ತು. ಓವನ್ ಒಳಗೆ ತೆರೆದೇ ಇದ್ದಿದ್ದರೆ ಅದೂ ಕೆಂಪಾಗಿರಬೇಕಿತ್ತು. ಕಚ್ಚಿದಳು. ಅಗಿದಳು. ನಿಲ್ಲಿಸಿದಳು. ಯಾಲಕ್ಕಿ ಸಿಕ್ಕಿತ್ತೆಂದು ಕಾಣುತ್ತದೆ. ತಂಗಿಯ ಕಡೆ ತಿರುಗಿ ಒಂದು ಸಣ್ಣ ಪ್ರಶ್ನೆ ಕೇಳಿದಳು. ಅಜ್ಜಿ ಅಷ್ಟೇ ಸಣ್ಣ ಉತ್ತರ ಕೊಟ್ಟರು. ಭಾಷೆ ಬರದಿದ್ದರೂ ನನಗೆ ಗೊತ್ತಾಯಿತು. ಯಾರು ಮಾಡಿದ್ದು? ನಾನು.

ಅಕ್ಕ ನಂಬಲಿಲ್ಲ. ವತ್ರುಷ್ಕಾವನ್ನು ಎತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ಮೇಲೆ ಮಾಡಿ, ನಮ್ಮೆಲ್ಲರ ಕಡೆಗೂ ಒಮ್ಮೆ ತಿರುಗಿಸಿ ಹುಬ್ಬು ಏರಿಸಿದಳು.

ಅರ್ಧ ಗಂಟೆಯಿಂದ ಒಂದು ಮಾತೂ ಅರ್ಥವಾಗದೆ ಕೂತಿದ್ದ ಅತ್ತೆಗೆ, ಕೊನೆಗೂ ಉತ್ತರ ಗೊತ್ತಿದ್ದ ಒಂದು ಪ್ರಶ್ನೆ ಸಿಕ್ಕಿತು. ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು, "ನಾನ! ನಾನ ಮಾಡೀನ್ರಿ ಅಕ್ಕಾರ!" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಎಡ ಅಂಗೈಯಲ್ಲಿ ಕಣಕ ಇದ್ದ ಹಾಗೆ, ಬಲಗೈಯಿಂದ ಹೂರಣ ಇಟ್ಟು, ಸುತ್ತಲೂ ಎಳೆದು ಮುಚ್ಚಿದ ಹಾಗೆ ಗಾಳಿಯಲ್ಲಿ ಮಾಡಿ ತೋರಿಸಿದರು. ಆಮೇಲೆ ಅಜ್ಜಿಯ ಮಣಿಕಟ್ಟನ್ನು ಮುಟ್ಟಿ, ಲೊಚಗುಟ್ಟಿ, ತಲೆ ಅಲ್ಲಾಡಿಸಿದರು. ಪಾಪ, ಇವರ ಕೈ ಹೀಗಾಗಿದೆ, ಅದಕ್ಕೆ ನಾನು.

ನನಗೆ ನಿದ್ದೆ ಹಾರಿಹೋಯಿತು.

ಅಕ್ಕ ಕೈ ಚಾಚಿದಳು. ಅಜ್ಜಿ ತಮ್ಮ ಬಲಗೈಯನ್ನು ಕೊಟ್ಟರು. ಅಕ್ಕ ಅದನ್ನು ತಿರುಗಿಸಿ, ಹೆಬ್ಬೆರಳಿನಿಂದ ಮಣಿಕಟ್ಟನ್ನು ಒತ್ತಿದಳು. ಅಜ್ಜಿ ತುಟಿ ಕಚ್ಚಿಕೊಂಡರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಇಂಗ್ಲಿಷಿನಲ್ಲಿ ಹೇಳಿದಳು:

"ಇವಳು ಬಿದ್ದರೆ ನಾನು ಎತ್ತಲಾರೆ. ನಾನು ಬಿದ್ದರೆ ಈ ಕೈಯಲ್ಲಿ ಇವಳು ಎತ್ತಲಾರಳು. ನಮ್ಮಿಬ್ಬರಿಗೂ ಸೂಪು ಕಾಯಿಸುವವರು ಯಾರು? ನೀವು ಬರುತ್ತೀರಾ ಸ್ಯಾನ್ ಡಿಯಾಗೋದಿಂದ?"

ಅಜ್ಜಿ ಭಾನುವಾರದವರೆಗೆ ಅಲ್ಲೇ ಇರುವುದೆಂದು ಮೊದಲೇ ಮಾತಾಗಿತ್ತು. ಅವರನ್ನು ಬಿಟ್ಟು ನಾವು ಗಂಡನ ರೂಮಿಗೆ ಹೋದೆವು.

ಭಾನುವಾರ ನಾಲ್ಕು ಗಂಟೆಗೆ ಹೋದಾಗ ಅಜ್ಜಿ ಚೀಲ ಹಿಡಿದು ಫುಟ್‌ಪಾತಿನಲ್ಲೇ ನಿಂತಿದ್ದರು. ಅಕ್ಕ ಇಳಿದು ಬಂದಿರಲಿಲ್ಲ. ಫೋರ್-ಓ-ಫೈವ್ ಹೆದ್ದಾರಿಯಲ್ಲಿ ಟ್ರಾಫಿಕ್ ಇರುವೆಯ ಸಾಲಿನ ಹಾಗೆ.

"ಏನಾತಂತ?" ಎಂದರು ಅತ್ತೆ ಹಿಂದಿನಿಂದ, ಮೆಲ್ಲಗೆ.

ಆಗ ಹೇಳಿದೆ. ಷರತ್ತು, ಸುಳ್ಳು, ಡಲ್ಲಾಸ್, ಎಲ್ಲವನ್ನೂ. ಹೇಳಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಶುಕ್ರವಾರ ಈ ಹತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲವೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಅತ್ತೆ ಸೆರಗನ್ನು ಎಳೆದು ಹೊದ್ದುಕೊಂಡರು. ಆಮೇಲೆ, "ಇಷ್ಟ ದಿನಾ ನನ್ನ ಮುಂದ ಕುಂತು ಹಿಟ್ಟ ನಾದಿದಿ. ಒಂದ ಮಾತ ಹೇಳಬೇಕಿತ್ತವಾ" ಎಂದರು. "ಮುದುಕಿ ಮನಿ ಕಳದೆ ನಾ."

"ನಿನ್ನ ಅತ್ತೆ ಏನು ಹೇಳುತ್ತಿದ್ದಾರೆ?" ಎಂದರು ಅಜ್ಜಿ.

"ತಪ್ಪಾಯಿತು ಅಂತಿದ್ದಾರೆ."

ಅಜ್ಜಿ ಹಿಂದಕ್ಕೆ ತಿರುಗಲು ನೋಡಿದರು, ಬೆಲ್ಟು ಬಿಡಲಿಲ್ಲ. ಮುಂದೆ ನೋಡುತ್ತಲೇ ಹೇಳಿದರು: "ಹೇಳು ಅವರಿಗೆ, ಹಿಟ್ಟು ಚೆನ್ನಾಗಿತ್ತು. ಅಕ್ಕ ನಾಲ್ಕು ತಿಂದಳು. ರಾತ್ರಿಯೆಲ್ಲ ನನ್ನನ್ನು ಬೈದಳು, ಬೈಯುತ್ತ ತಿಂದಳು."

ಮಾತನ್ನು ಅತ್ತೆಗೆ ತಲುಪಿಸಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮನೆ ಸೇರುವವರೆಗೂ ಆ ಕಡೆಗೇ ನೋಡುತ್ತಿದ್ದರು.

ಜೂನ್‌ನಲ್ಲಿ ಮಗ್ಗುಲು ಮನೆ ಮಾರಾಟವಾಯಿತು. ದೊಡ್ಡ ಟ್ರಕ್ಕು ಬಂದು ಸಾಮಾನು ಹೇರಿಕೊಂಡು ಹೋಯಿತು. ಅತ್ತೆ ಆ ದಿನ ಬೆಳಿಗ್ಗೆಯೇ ಎದ್ದು ದಾರಿಗೆಂದು ರೊಟ್ಟಿ ಬಡಿದು ಕೊಟ್ಟರು. ಅಜ್ಜಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಡಲ್ಲಾಸಿಗೆ ಹೋದರು. ನಾನು ಆ ಹೊತ್ತಿಗೆ ಪೊವೇಯಲ್ಲಿದ್ದೆ. ಹಿಂದಿನ ದಿನವೇ ಹೋಗಿ ಮಾತಾಡಿಸಿ ಬಂದಿದ್ದೆ.

ಒಂದೂವರೆ ವರ್ಷದ ಮೇಲೆ ಅಜ್ಜಿಯ ಮಗಳು ಫೋನ್ ಮಾಡಿದಳು. ಲಾಸ್ ಏಂಜಲೀಸಿನಲ್ಲಿ ಅಜ್ಜಿಯ ಅಕ್ಕ ಅಡುಗೆಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಳಂತೆ, ಮಾರನೆಯ ದಿನದವರೆಗೂ ಯಾರೂ ನೋಡಲಿಲ್ಲವಂತೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮಗಳೇ ಹೋಗಿ ಆ ಎರಡು ಕೋಣೆಯ ಮನೆಯನ್ನು ಖಾಲಿ ಮಾಡಿಸಿ ಕರೆದುಕೊಂಡು ಬಂದಳು. ಈಗ ಡಲ್ಲಾಸಿನಲ್ಲಿ ಅಕ್ಕತಂಗಿಯರಿಗೆ ಒಂದೇ ಕೋಣೆ, ಎರಡು ಮಂಚ. ದಿನವಿಡೀ ರಷ್ಯನ್‌ನಲ್ಲಿ ಜಗಳ ಎಂದಳು.